ದತ್ತಿ ಸಂಸ್ಥೆಗಳ ನೆರವು ಪಡೆಯುವುದು ಹೇಗೆ? ಆಟಿಸಂ, ಆನುವಂಶಿಕ ಕಾಯಿಲೆ, ದೀರ್ಘ ಕಾಯಿಲೆ ಇರುವ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಹತ್ತಾರು ಸಂಸ್ಥೆಗಳಿಗೆ ಬರೆದಿದ್ದೇವೆ, ಯಾರೂ ಸಹಾಯ ಮಾಡುತ್ತಿಲ್ಲ ಅಂತ ಹೇಳುವ ಕುಟುಂಬಗಳು ಬಹಳ. ಒಂದಷ್ಟು ಕಡೆಯಿಂದ ಉತ್ತರವೇ ಬರುವುದಿಲ್ಲ. ಉಳಿದವರು "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಎರಡು ಸಾಲು ಬರೆದು ಮುಗಿಸುತ್ತಾರೆ. ಸಂಸ್ಥೆಗಳಿಗೆ ಕರುಣೆ ಇಲ್ಲ ಅಂತಲ್ಲ. ಹೆಚ್ಚಿನ ಕಡೆ ಕೆಲಸಗಳ ಕ್ರಮವೇ ತಿರುಗುಮುರುಗಾಗಿರುತ್ತದೆ. ಕುಟುಂಬದವರು ಮೊದಲು ದುಡ್ಡು ಕೇಳುತ್ತಾರೆ, ಆಮೇಲೆ ಕಾಗದ ಹುಡುಕುತ್ತಾರೆ, ಆ ಸಂಸ್ಥೆ ನಿಜವಾಗಿ ಏನು ಮಾಡುತ್ತದೆ ಅಂತ ಕೊನೆಗೆ ನೋಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿ ಮುಂದಿನದಕ್ಕೆ ಹೋಗಬೇಡಿ.

## ಶುರು ಮಾಡುವ ಮೊದಲು: ಕಾಯಬಾರದ ಹೊತ್ತು

ದತ್ತಿ ಸಂಸ್ಥೆಗಳು ನಿಧಾನ. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಇವುಗಳಿಗಾಗಿ ಕಾದು ಕೂರಬಾರದು. ಮಗುವಿಗೆ ಮೊದಲ ಸಲ ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ, ಕಲಿತಿದ್ದ ಮಾತು ಅಥವಾ ನಡಿಗೆ ಇದ್ದಕ್ಕಿದ್ದಂತೆ ಹಿಂದಕ್ಕೆ ಹೋದರೆ ಡಾಕ್ಟರ ಹತ್ತಿರ ಓಡಬೇಕು.

ಯೂರಿಯಾ ಸೈಕಲ್ ತೊಂದರೆ, ಮೇಪಲ್ ಸಿರಪ್ ಯೂರಿನ್ ಕಾಯಿಲೆಯಂಥ ಚಯಾಪಚಯದ ಕಾಯಿಲೆಗಳಲ್ಲಿ ಸಾಮಾನ್ಯ ವಾಂತಿ, ಜ್ವರ, ಊಟ ಬಿಡುವುದು ಕೂಡ ಕೆಲವೇ ಗಂಟೆಗಳಲ್ಲಿ ಅಪಾಯಕ್ಕೆ ಹೋಗಬಹುದು. ಇಂಥ ಮಕ್ಕಳಿಗೆ "ತುರ್ತು ಚಿಕಿತ್ಸೆಯ ಪತ್ರ" ಅಂತ ಒಂದು ಪುಟವನ್ನು ತಜ್ಞ ಡಾಕ್ಟರಿಂದ ಬರೆಸಿ ಇಟ್ಟುಕೊಳ್ಳಿ. ತುರ್ತು ವಿಭಾಗದ ಡಾಕ್ಟರು ಆ ಕಾಯಿಲೆಯನ್ನು ಒಮ್ಮೆಯೂ ನೋಡಿರದೆ ಇರಬಹುದು. ಆಗ ಕೈಗೆ ಬರುವುದು ಆ ಪುಟವೇ.

## ಬೇಕಾಗುವ ಸಾಮಾನು

ಒಂದು ಫೈಲ್, ಅದರದೇ ಸ್ಕ್ಯಾನ್ ಮಾಡಿದ ಪ್ರತಿ, ಮತ್ತು ಒಂದು ನೋಟ್‌ಬುಕ್. ಇಷ್ಟು ಸಾಕು. ಸ್ಕ್ಯಾನ್ ಮಾಡುವಾಗ ಒಂದು ದಾಖಲೆಗೆ ಒಂದು ಪಿಡಿಎಫ್ ಇರಲಿ, ಹೆಸರಿನಲ್ಲೇ ವಿಷಯ ಮತ್ತು ತಾರೀಕು ಇರಲಿ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ, ಅಂಚು ಕತ್ತರಿಸಿದ, ಬೆರಳು ಕಾಣುವ ಫೋಟೊಗಳನ್ನು ಕಳಿಸಿದರೆ ಓದುವವರು ಪಕ್ಕಕ್ಕಿಡುವುದೇ ಜಾಸ್ತಿ.

ಎಲ್ಲ ದಾಖಲೆಗಳಲ್ಲೂ ಹೆಸರಿನ ಅಕ್ಷರ, ಹುಟ್ಟಿದ ತಾರೀಕು ಒಂದೇ ಥರ ಇದೆಯಾ ನೋಡಿ. ಗುರುತಿನ ಚೀಟಿಯಲ್ಲಿ ಒಂದು ಹೆಸರು, ಲ್ಯಾಬ್ ರಿಪೋರ್ಟಿನಲ್ಲಿ ಮನೆಯಲ್ಲಿ ಕರೆಯುವ ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಇದನ್ನು ಈಗಲೇ ತಿದ್ದಿಸಿಕೊಳ್ಳಿ. ಅರ್ಜಿ ಹಾಕಿದ ಮೇಲೆ ತಿದ್ದಿಸಲು ಹೋದರೆ ತಿಂಗಳೇ ಹೋದೀತು.

## ಹಂತ 1: ಕಾಯಿಲೆಯ ಹೆಸರನ್ನು ಸರಿಯಾಗಿ ಬರೆಸಿಕೊಳ್ಳಿ

ಬಹುಪಾಲು ಅರ್ಜಿಗಳು ಬೀಳುವುದು ಇಲ್ಲಿ. ಬಾಯಲ್ಲಿ ಹೇಳಿದ ಹೆಸರು, ಚೀಟಿಯ ಮೂಲೆಯಲ್ಲಿ ಗೀಚಿದ ಹೆಸರು ನಡೆಯುವುದಿಲ್ಲ. ಡಾಕ್ಟರ ಸಹಿ, ಮೊಹರು, ತಾರೀಕು ಇರುವ ಪತ್ರ ಬೇಕು. ಅದರಲ್ಲಿ ಕಾಯಿಲೆಯ ಪೂರ್ತಿ ಹೆಸರು ಇರಬೇಕು.

ಆಟಿಸಂ ಆದರೆ: "ಆಟಿಸಂ ಲಕ್ಷಣಗಳಿವೆ" ಅಂತ ಬರೆದಿದ್ದರೆ ಅದು ರೋಗನಿರ್ಣಯ ಅಲ್ಲ, ಅನುಮಾನ ಮಾತ್ರ. ಮಕ್ಕಳ ಬೆಳವಣಿಗೆ ತಜ್ಞರು, ಮಕ್ಕಳ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಕೊಟ್ಟ ಪೂರ್ತಿ ರಿಪೋರ್ಟ್ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಐಸಿಡಿ-11 ಜಾರಿಗೆ ಬಂದಿದ್ದು 2022ರ ಜನವರಿಯಲ್ಲಿ. ಅದರಲ್ಲಿ ಆಟಿಸಂನ ಸಂಕೇತ 6ಎ02. ಹಳೆಯ ರಿಪೋರ್ಟಿನಲ್ಲಿ ಎಫ್84 ಅಂತ ಇರಬಹುದು, ಅದೂ ಸರಿಯೇ. ಮಗುವಿನ ಮಾತು ಎಷ್ಟಿದೆ, ಬುದ್ಧಿಯ ಬೆಳವಣಿಗೆ ಹೇಗಿದೆ ಅನ್ನುವುದೂ ರಿಪೋರ್ಟಿನಲ್ಲಿ ಇರಲಿ. ಮಾತಾಡದ ಮಗುವಿಗೆ ಬೇಕಾದದ್ದು ಬೇರೆ, ಚೆನ್ನಾಗಿ ಮಾತಾಡಿಯೂ ಶಾಲೆಯಲ್ಲಿ ಒದ್ದಾಡುವ ಮಗುವಿಗೆ ಬೇಕಾದದ್ದು ಬೇರೆ.

ಆನುವಂಶಿಕ ಕಾಯಿಲೆ ಆದರೆ: ಜೆನೆಟಿಕ್ ರಿಪೋರ್ಟಿನ ಮೊದಲ ಪುಟದಲ್ಲಿ ಮೂರು ವಿಷಯ ಹುಡುಕಿ: ಜೀನ್‌ನ ಹೆಸರು, ಅದರಲ್ಲಿ ಕಂಡ ಬದಲಾವಣೆ, ಆ ಬದಲಾವಣೆಯ ವರ್ಗ. ವರ್ಗಗಳು ಐದು. ಕಾಯಿಲೆಗೆ ಕಾರಣ, ಬಹುಶಃ ಕಾರಣ, ಅರ್ಥ ಖಚಿತವಿಲ್ಲ, ಬಹುಶಃ ನಿರಪಾಯ, ನಿರಪಾಯ. ಮಧ್ಯದ್ದನ್ನು ಡಾಕ್ಟರುಗಳು ವಿಯುಎಸ್ ಅನ್ನುತ್ತಾರೆ. ವಿಯುಎಸ್ ಬಂದಿದ್ದನ್ನೇ "ಕಾಯಿಲೆ ಪತ್ತೆಯಾಗಿದೆ" ಅಂದುಕೊಂಡು ಅರ್ಜಿ ಹಾಕುವುದು ತುಂಬಾ ಸಾಮಾನ್ಯವಾದ ತಪ್ಪು. ಇಂಥ ಕಡೆ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ. ತಂದೆ ತಾಯಿಯ ಪರೀಕ್ಷೆಯಿಂದ ಎಷ್ಟೋ ಸಲ ಗೊಂದಲ ಬಗೆಹರಿಯುತ್ತದೆ.

ಇನ್ನೊಂದು ಮಾತು. ವರ್ಣತಂತುಗಳಲ್ಲಿ ತುಂಡು ಹೆಚ್ಚು ಕಡಿಮೆ ಆಗಿದೆಯಾ ಅಂತ ನೋಡುವ ಮೈಕ್ರೋಅರೇ ಪರೀಕ್ಷೆ ನಾರ್ಮಲ್ ಬಂದರೆ ಎಲ್ಲವೂ ನಾರ್ಮಲ್ ಅಂತಲ್ಲ. ಉದಾಹರಣೆಗೆ ಫ್ರಾಜೈಲ್ ಎಕ್ಸ್ ಅನ್ನುವ ಆನುವಂಶಿಕ ಕಾಯಿಲೆ ಅದರಲ್ಲಿ ಸಿಗುವುದಿಲ್ಲ, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಬದಲಾವಣೆಯ ವಿವರ ಯಾಕೆ ಬೇಕು ಅಂದರೆ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಯಾವ ಎಕ್ಸಾನ್ (ಜೀನ್‌ನ ಒಂದು ತುಂಡು) ಇಲ್ಲ ಅನ್ನುವುದರ ಮೇಲೆ ಕೆಲವು ಔಷಧಿಗಳು ಹೊಂದುತ್ತವೋ ಇಲ್ಲವೋ ಅಂತ ತೀರ್ಮಾನವಾಗುತ್ತದೆ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲೂ ಹಾಗೇ. ಔಷಧಿಗೆ ನೆರವು ಕೊಡುವವರು ಮೊದಲು ಕೇಳುವುದು ಅದನ್ನೇ.

ದೀರ್ಘ ಕಾಯಿಲೆ ಆದರೆ: "ಶುಗರ್" ಅಂತ ಬರೆದರೆ ಸಾಲದು. ಟೈಪ್ 1 ಮಕ್ಕಳಿಗೆ ನೆರವಾಗುವ ಸಂಸ್ಥೆ ಆ ಒಂದು ಪದ ಕಾಣದಿದ್ದರೆ ಅರ್ಜಿ ತಳ್ಳಿಹಾಕುತ್ತದೆ. ಥಲಸ್ಸೀಮಿಯಾ ಆದರೆ ಮೇಜರ್ರೋ ಮೈನರ್ರೋ, ಹಿಮೋಫೀಲಿಯಾ ಆದರೆ ಎ ಅಥವಾ ಬಿ, ಎಷ್ಟು ತೀವ್ರ ಅಂತ ಇರಲಿ.

ಹೆಸರೇ ಸಿಗದಿದ್ದರೆ? ಎಲ್ಲ ಪರೀಕ್ಷೆ ಮುಗಿದರೂ ಕಾಯಿಲೆ ಪತ್ತೆಯಾಗದ ಮಕ್ಕಳು ಬಹಳ ಮಂದಿ ಇದ್ದಾರೆ. ಅಂಥವರಿಗಾಗಿಯೇ ಸ್ವಾನ್ ಅನ್ನುವ ಹೆಸರಿನ ಸಂಘಟನೆಗಳು ಕೆಲವು ದೇಶಗಳಲ್ಲಿವೆ. "ಇದುವರೆಗೆ ಇಂತಿಂಥ ಪರೀಕ್ಷೆ ಆಗಿದೆ, ಕಾರಣ ಸಿಕ್ಕಿಲ್ಲ, ಮಗುವಿಗೆ ಇರುವ ತೊಂದರೆಗಳು ಇವು" ಅಂತ ಡಾಕ್ಟರಿಂದ ಬರೆಸಿ. ಊಹೆಯ ಹೆಸರು ಬರೆಸಬೇಡಿ.

## ಹಂತ 2: ಒಂದೇ ಪುಟದ ಸಾರಾಂಶ

ಎಂಬತ್ತು ಪುಟದ ಫೈಲನ್ನು ಯಾರೂ ಮೊದಲೇ ಓದುವುದಿಲ್ಲ. ಒಂದು ಪುಟ ಓದುತ್ತಾರೆ. ಅದರಲ್ಲಿ ಇರಬೇಕಾದ್ದು: ವಯಸ್ಸು, ಕಾಯಿಲೆಯ ಹೆಸರು, ಯಾವಾಗ ಪತ್ತೆಯಾಯಿತು, ಈಗಿನ ಔಷಧಿಗಳು, ದಿನನಿತ್ಯ ಮಗುವಿಗೆ ಏನು ಸಾಧ್ಯ ಏನು ಅಸಾಧ್ಯ, ಆರೈಕೆ ಮಾಡುವವರು ಯಾರು, ಚಿಕಿತ್ಸೆ ಕೊಡುವ ಡಾಕ್ಟರು ಮತ್ತು ಆಸ್ಪತ್ರೆ.

ಅಪರೂಪದ ಕಾಯಿಲೆ ಆದರೆ ಅದರ ಓರ್ಫಾ ಸಂಖ್ಯೆಯನ್ನೂ ಹಾಕಿ. ಓರ್ಫಾನೆಟ್ ಅನ್ನುವ ಉಚಿತ ಜಾಲತಾಣ ಪ್ರತಿ ಅಪರೂಪದ ಕಾಯಿಲೆಗೂ ಒಂದು ಸಂಖ್ಯೆ ಕೊಟ್ಟಿದೆ. ರೆಟ್ ಸಿಂಡ್ರೋಮ್‌ಗೆ 778, ಆಂಜೆಲ್ಮನ್‌ಗೆ 72. ಒಂದೇ ಕಾಯಿಲೆಗೆ ನಾಲ್ಕಾರು ಹೆಸರು ಇರುವಾಗ ಈ ಸಂಖ್ಯೆ ಗೊಂದಲ ತಪ್ಪಿಸುತ್ತದೆ.

"ಏನು ಸಾಧ್ಯ ಏನು ಅಸಾಧ್ಯ" ಅನ್ನುವ ಭಾಗದಲ್ಲಿ ಪೋಷಕರು ಮಗುವಿನ ಒಳ್ಳೆಯ ದಿನದ ಬಗ್ಗೆ ಬರೆದುಬಿಡುತ್ತಾರೆ. ಮಗುವಿನ ಮರ್ಯಾದೆ ಉಳಿಸುವ ಆಸೆ ಅದು, ಅರ್ಥವಾಗುತ್ತದೆ. ಆದರೆ ಇಲ್ಲಿ ಸಾಮಾನ್ಯ ದಿನದ್ದನ್ನು ಇದ್ದ ಹಾಗೆ ಬರೆಯಬೇಕು. ರಾತ್ರಿ ಎಷ್ಟು ಸಲ ಏಳಬೇಕು, ಟಾಯ್ಲೆಟ್‌ಗೆ ಯಾರು ಎತ್ತಿಕೊಂಡು ಹೋಗುತ್ತಾರೆ, ಒಬ್ಬಳೇ ಬಿಟ್ಟರೆ ಏನಾಗುತ್ತದೆ. ಹೆಚ್ಚು ಮಾಡಿ ಬರೆಯಬೇಡಿ, ಕಡಿಮೆ ಮಾಡಿಯೂ ಬರೆಯಬೇಡಿ.

## ಹಂತ 3: ಬೇಕಾದ್ದನ್ನು ಒಂದೇ ಸಾಲಿಗೆ ಇಳಿಸಿ

"ಏನಾದರೂ ಸಹಾಯ ಮಾಡಿ" ಅಂದರೆ ಯಾರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ಎರಡು ಅರ್ಜಿ ಪಕ್ಕ ಪಕ್ಕ ಇಟ್ಟು ನೋಡಿ.

ಮೊದಲನೆಯದು: "ನನ್ನ ಮಗನಿಗೆ ಗುಣವಾಗದ ಸ್ನಾಯು ಕಾಯಿಲೆ. ನಾವು ತುಂಬಾ ಕಷ್ಟದಲ್ಲಿದ್ದೇವೆ. ದಯವಿಟ್ಟು ಆದಷ್ಟು ಧನಸಹಾಯ ಮಾಡಿ."

ಎರಡನೆಯದು: "ನನ್ನ 14 ವರ್ಷದ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಕೆಮ್ಮಿ ಕಫ ಹೊರಹಾಕುವಷ್ಟು ಶಕ್ತಿ ಇಲ್ಲ. ಈ ವರ್ಷ ಎರಡು ಸಲ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದಾನೆ. ಮನೆಯಲ್ಲಿ ಬಳಸಲು ಕಾಫ್ ಅಸಿಸ್ಟ್ ಯಂತ್ರ ಬೇಕು ಅಂತ ಶ್ವಾಸಕೋಶ ತಜ್ಞರು ಬರೆದಿದ್ದಾರೆ. ಪತ್ರ ಮತ್ತು ಕೊಟೇಶನ್ ಲಗತ್ತಿಸಿದೆ. ಅರ್ಧ ಮೊತ್ತ ನಮ್ಮಲ್ಲಿದೆ, ಉಳಿದ ಅರ್ಧಕ್ಕೆ ಕೇಳುತ್ತಿದ್ದೇವೆ. ಸಾಲವಾಗಿ ಯಂತ್ರ ಸಿಕ್ಕರೂ ಆಗುತ್ತದೆ."

ಎರಡನೆಯದನ್ನು ಓದಿದವರು ಹೂಂ ಅಥವಾ ಊಹೂಂ ಅಂತ ಕೂಡಲೇ ಹೇಳಬಹುದು. ಊಹೂಂ ಅಂದರೂ, ಇಂಥ ಯಂತ್ರ ಯಾರ ಬಳಿ ಇದೆ ಅಂತಾದರೂ ಹೇಳುತ್ತಾರೆ. ಇದೇ ಈ ಹಂತದ ಲಾಭ.

ದುಡ್ಡು ಒಂದೇ ನೆರವಲ್ಲ ಅನ್ನುವುದನ್ನೂ ಇಲ್ಲೇ ಯೋಚಿಸಿ. ಉಪಕರಣ ಎರವಲು, ಆಸ್ಪತ್ರೆ ಹತ್ತಿರ ಉಳಿಯಲು ಕೋಣೆ, ಪ್ರಯಾಣ, ಶಾಲೆಯವರೊಂದಿಗೆ ಮಾತಾಡಲು ಜೊತೆ ಬರುವವರು, ಆರೈಕೆ ಮಾಡುವವರಿಗೆ ಕೆಲವು ಗಂಟೆ ಬಿಡುವು, ಒಡಹುಟ್ಟಿದ ಮಕ್ಕಳಿಗೆ ಗುಂಪು, ಅದೇ ಕಾಯಿಲೆಯ ಇನ್ನೊಂದು ಕುಟುಂಬದ ಪರಿಚಯ. ಆಟಿಸಂ ಸಂಸ್ಥೆಗಳು ಹೆಚ್ಚಾಗಿ ಕೊಡುವುದು ತರಬೇತಿ ಮತ್ತು ಮಾರ್ಗದರ್ಶನ, ನಗದು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ 2ರಿಂದ 9 ವರ್ಷದ ಮಕ್ಕಳ ಪೋಷಕರಿಗಾಗಿ ಒಂದು ತರಬೇತಿ ರೂಪಿಸಿದೆ. ಮಗುವಿನ ಜೊತೆ ಆಡುತ್ತಾ, ದಿನದ ಕೆಲಸದಲ್ಲೇ ಸಂವಹನ ಕಲಿಸುವುದು ಹೇಗೆ ಅಂತ ಅದರಲ್ಲಿದೆ. ಆನ್‌ಲೈನ್‌ನಲ್ಲೂ ಉಚಿತವಾಗಿ ಸಿಗುತ್ತದೆ. ಥೆರಪಿಗೆ ಸಾಲಿನಲ್ಲಿ ಕಾಯುತ್ತಿರುವಾಗ ಸುಮ್ನೆ ಕೂರುವ ಬದಲು ಇದನ್ನು ಶುರು ಮಾಡಬಹುದು.

ಎಚ್ಚರಿಕೆ: ಮೊದಲು ಕೊಂಡು ಆಮೇಲೆ ಅರ್ಜಿ ಹಾಕಬೇಡಿ. ಈಗಾಗಲೇ ಕಟ್ಟಿದ ಬಿಲ್ಲಿಗೆ ಹೆಚ್ಚಿನ ಸಂಸ್ಥೆಗಳು ದುಡ್ಡು ಕೊಡುವುದಿಲ್ಲ. ಮಾತಾಡಲಾಗದ ಮಗುವಿಗೆ ಸಂವಹನದ ಟ್ಯಾಬ್ಲೆಟ್, ಗಾಲಿಕುರ್ಚಿ, ವಿಶೇಷ ಆಸನ ಇವನ್ನಂತೂ ತಜ್ಞರು ನೋಡಿ, ಮಗು ಕೆಲವು ದಿನ ಬಳಸಿ ನೋಡಿದ ಮೇಲೆಯೇ ಕೇಳಬೇಕು. ಹೊಂದದ ಗಾಲಿಕುರ್ಚಿಯಿಂದ ಬೆನ್ನು ಇನ್ನೂ ವಾಲುತ್ತದೆ.

## ಹಂತ 4: ಸರಿಯಾದ ಬಾಗಿಲು ಯಾವುದು?

ಇಲ್ಲಿ ಸಮಯ ಹಾಕಿ. ಐವತ್ತು ಕಡೆಗೆ ಒಂದೇ ಇಮೇಲ್ ಕಳಿಸುವುದಕ್ಕಿಂತ ಸರಿಯಾದ ಐದು ಕಡೆ ಹುಡುಕುವುದು ಮೇಲು.

ಹುಡುಕುವ ದಾರಿ ಎರಡು. ಒಂದು, ಕಾಯಿಲೆಯ ಹೆಸರಿನಿಂದ. ಓರ್ಫಾನೆಟ್‌ನಲ್ಲಿ ಕಾಯಿಲೆಯ ಪುಟದಿಂದಲೇ ರೋಗಿಗಳ ಸಂಘಟನೆಗಳ ಪಟ್ಟಿಗೆ ಹೋಗಬಹುದು. ಯುರೋಪಿನ ಯುರೋರ್ಡಿಸ್, ಅಮೆರಿಕದ ನೋರ್ಡ್ ಇವೆರಡೂ ಅಪರೂಪದ ಕಾಯಿಲೆಗಳ ಸಂಘಟನೆಗಳ ಒಕ್ಕೂಟಗಳು, ಅವುಗಳ ಸದಸ್ಯರ ಪಟ್ಟಿಯೂ ಉಪಯೋಗಕ್ಕೆ ಬರುತ್ತದೆ. ವರ್ಣತಂತುವಿನ ಅಪರೂಪದ ತೊಂದರೆ ಆದರೆ ಯೂನಿಕ್ ಅನ್ನುವ ಬ್ರಿಟನ್ನಿನ ಸಂಸ್ಥೆ ಪೋಷಕರಿಗೆ ಅರ್ಥವಾಗುವ ಕೈಪಿಡಿಗಳನ್ನು ಉಚಿತವಾಗಿ ಕೊಡುತ್ತದೆ. ಇನ್ನೊಂದು ದಾರಿ, ಬೇಕಾದ ವಸ್ತುವಿನಿಂದ: ಗಾಲಿಕುರ್ಚಿ ಕೊಡುವವರು, ವಸತಿ ಕೊಡುವವರು, ರಕ್ತ ಒದಗಿಸುವವರು. ಇವರಿಗೆ ಕಾಯಿಲೆ ಯಾವುದು ಅನ್ನುವುದು ಅಷ್ಟು ಮುಖ್ಯವಲ್ಲ.

ಈಗ ಬಹಳ ಮಂದಿಗೆ ಗೊತ್ತಿಲ್ಲದ ವಿಷಯ. ದೊಡ್ಡ ಸಂಸ್ಥೆಗಳಲ್ಲಿ ಎಷ್ಟೋ ಕಡೆ ಕುಟುಂಬದಿಂದ ನೇರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಬಾಗಿಲು ಇರುವುದು ಬೇರೆ ಕಡೆ.

ವಿಶ್ವ ಹಿಮೋಫೀಲಿಯಾ ಒಕ್ಕೂಟ ದಾನವಾಗಿ ಬಂದ ಫ್ಯಾಕ್ಟರ್ ಔಷಧಿಯನ್ನು (ರಕ್ತ ಹೆಪ್ಪುಗಟ್ಟಲು ನೆರವಾಗುವಂಥದ್ದು) ಹಂಚುತ್ತದೆ, ಆದರೆ ಮನೆಗೆ ಕಳಿಸುವುದಿಲ್ಲ. ಅದು ಆಯಾ ದೇಶದ ಹಿಮೋಫೀಲಿಯಾ ಸಂಘ ಮತ್ತು ಚಿಕಿತ್ಸಾ ಕೇಂದ್ರಗಳ ಮೂಲಕ ಬರುತ್ತದೆ. ಅಲ್ಲಿ ಹೆಸರು ನೋಂದಾಯಿಸಿರಬೇಕು. ಬಡ ದೇಶಗಳ ಟೈಪ್ 1 ಮಧುಮೇಹದ ಮಕ್ಕಳಿಗೆ ಇನ್ಸುಲಿನ್ ಒದಗಿಸುವ ಲೈಫ್ ಫಾರ್ ಎ ಚೈಲ್ಡ್ ಕೂಡ ಮಧುಮೇಹ ಕೇಂದ್ರಗಳ ಮೂಲಕವೇ ಕೆಲಸ ಮಾಡುತ್ತದೆ. ಮ್ಯಾಕ್ಸ್ ಫೌಂಡೇಶನ್‌ನಿಂದ ರಕ್ತ ಕ್ಯಾನ್ಸರಿನ ಔಷಧಿ ಬೇಕಿದ್ದರೆ ಚಿಕಿತ್ಸೆ ಕೊಡುವ ಡಾಕ್ಟರ ಮೂಲಕ ಹೋಗಬೇಕು. ಮಕ್ಕಳ ಆಸ್ಪತ್ರೆಗಳ ಹತ್ತಿರ ಕುಟುಂಬಕ್ಕೆ ವಸತಿ ಕೊಡುವ ರೊನಾಲ್ಡ್ ಮ್ಯಾಕ್‌ಡೊನಾಲ್ಡ್ ಹೌಸ್‌ಗೆ ಹೆಚ್ಚಾಗಿ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಶಿಫಾರಸು ಬೇಕಾಗುತ್ತದೆ. ಔಷಧ ಕಂಪನಿಗಳು ಕರುಣೆಯ ಆಧಾರದಲ್ಲಿ ಔಷಧಿ ಕೊಡುವ ಯೋಜನೆಗಳಲ್ಲೂ ಕೋರಿಕೆ ಬರಬೇಕಾದ್ದು ಡಾಕ್ಟರಿಂದ, ಪೋಷಕರಿಂದಲ್ಲ.

ಹಾಗಾಗಿ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಎರಡು ಪ್ರಶ್ನೆ ಕೇಳಿ: "ಇಲ್ಲಿ ಸಮಾಜ ಕಾರ್ಯಕರ್ತರು ಯಾರು?", "ಈ ಕಾಯಿಲೆಗೆ ಯಾವ ನೆರವಿನ ಯೋಜನೆಯಲ್ಲಿ ನಿಮ್ಮ ಕೇಂದ್ರ ಸೇರಿದೆ?" ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ಹೊರಗೆ ಹುಡುಕಿದ್ದು ತಮ್ಮದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ಇರುತ್ತದೆ.

ಸಂಸ್ಥೆ ಸಿಕ್ಕ ಮೇಲೆ ಅರ್ಹತೆಯ ಪುಟ ಓದಿ: ವಯಸ್ಸು, ಪ್ರದೇಶ, ಕಾಯಿಲೆ, ಆದಾಯ, ಕೊನೆಯ ದಿನಾಂಕ. ಒಂದು ಹೊಂದದಿದ್ದರೂ ಅರ್ಜಿ ಹಾಕಬೇಡಿ. ಅನುಮಾನವಿದ್ದರೆ ಫೋನ್ ಮಾಡಿ ಕೇಳಿ.

## ಹಂತ 5: ಸಂಸ್ಥೆ ಅಸಲಿಯಾ, ನೋಡಿ

ನೋಂದಣಿ ಸಂಖ್ಯೆ ಇದೆಯಾ, ಅದು ಸರ್ಕಾರದ ಪಟ್ಟಿಯಲ್ಲಿ ಸಿಗುತ್ತದಾ, ಲೆಕ್ಕಪತ್ರ ಪ್ರಕಟಿಸಿದ್ದಾರಾ, ನಡೆಸುವವರ ಹೆಸರು ಇದೆಯಾ. ಇಷ್ಟು ನೋಡಲು ಅರ್ಧ ಗಂಟೆ ಸಾಕು.

ಕೆಳಗಿನ ಯಾವುದಾದರೂ ಒಂದು ಕಂಡರೂ ಅಲ್ಲೇ ನಿಲ್ಲಿಸಿ:

- ನೆರವು ಮಂಜೂರಾಗಿದೆ, ಬಿಡುಗಡೆಗೆ ಮೊದಲು ಶುಲ್ಕ ಕಟ್ಟಿ ಅನ್ನುತ್ತಾರೆ.
- ಒಟಿಪಿ, ಪಾಸ್‌ವರ್ಡ್, ಅಥವಾ ಮೂಲ ದಾಖಲೆಗಳನ್ನೇ ಕೇಳುತ್ತಾರೆ.
- ಈ ರಾತ್ರಿಯೊಳಗೆ ಸಹಿ ಮಾಡಿ ಅಂತ ಅವಸರ ಮಾಡುತ್ತಾರೆ.
- ಆಟಿಸಂ ಪೂರ್ತಿ ವಾಸಿ ಮಾಡುತ್ತೇವೆ ಅನ್ನುತ್ತಾರೆ.

ಕೊನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೆರವಿನ ಹೆಸರಿನಲ್ಲಿ ಚಿಕಿತ್ಸೆ ಮಾರುವವರು ಇದ್ದಾರೆ. ಕೀಲೇಶನ್ (ದೇಹದಿಂದ ಲೋಹ ಹೊರತೆಗೆಯುವ ಔಷಧಿ), ಒತ್ತಡದ ಕೋಣೆಯಲ್ಲಿ ಕೊಡುವ ಹೈಪರ್‌ಬಾರಿಕ್ ಆಮ್ಲಜನಕ, ಕ್ಲೋರಿನ್ ಡೈಆಕ್ಸೈಡ್ ದ್ರಾವಣ ಇವುಗಳಿಂದ ಆಟಿಸಂ ವಾಸಿಯಾಗುತ್ತದೆ ಅನ್ನುವ ಪ್ರಚಾರದ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ. ಕ್ಲೋರಿನ್ ಡೈಆಕ್ಸೈಡ್ ಅಂದರೆ ಕುಡಿಸುವ ಬ್ಲೀಚ್. ಕೀಲೇಶನ್ ಮಾಡಿಸಿದ ಆಟಿಸಂ ಇದ್ದ ಬಾಲಕನೊಬ್ಬ 2005ರಲ್ಲಿ ಅಮೆರಿಕದಲ್ಲಿ ತೀರಿಕೊಂಡ. ಸ್ಟೆಮ್ ಸೆಲ್ ಚುಚ್ಚುಮದ್ದಿಗೆ ರಿಯಾಯಿತಿ ಕೊಡಿಸುತ್ತೇವೆ ಅನ್ನುವವರಿಂದಲೂ ದೂರ ಇರಿ. ಯಾರಾದರೂ ಸಂಶೋಧನೆ ಅಂತ ಹೇಳಿ ದುಡ್ಡು ಕೇಳಿದರೆ ಮಗುವಿನ ಡಾಕ್ಟರಿಗೆ ತೋರಿಸದೆ ಒಪ್ಪಬೇಡಿ.

## ಹಂತ 6: ಅರ್ಜಿ

ಕ್ರಮ ಇದು: ಮೊದಲು ಒಂದು ಸಾಲಿನ ಕೋರಿಕೆ, ಆಮೇಲೆ ಒಂದು ಪುಟದ ಸಾರಾಂಶ, ಡಾಕ್ಟರ ಪತ್ರ, ರಿಪೋರ್ಟ್, ಕೊಟೇಶನ್, ಆದಾಯದ ದಾಖಲೆ. ಡಾಕ್ಟರ ಪತ್ರ ಇತ್ತೀಚಿನದಾಗಿರಲಿ, ಆರು ತಿಂಗಳೊಳಗಿನದಾದರೆ ಒಳ್ಳೆಯದು. ಅದರಲ್ಲಿ ಕೇಳಿದ ವಸ್ತುವಿನ ಹೆಸರೇ ಇರಬೇಕು. ಕೊಟೇಶನ್ ಅಂಗಡಿ ಅಥವಾ ಆಸ್ಪತ್ರೆಯ ಹೆಸರಿನಲ್ಲಿರಲಿ, ಯಾಕೆಂದರೆ ಬಹಳಷ್ಟು ಸಂಸ್ಥೆಗಳು ದುಡ್ಡನ್ನು ನೇರ ಅವರಿಗೇ ಕಟ್ಟುತ್ತವೆ.

ಬೇರೆ ಕಡೆಯೂ ಅರ್ಜಿ ಹಾಕಿದ್ದರೆ ಮುಚ್ಚಿಡಬೇಡಿ. ಇಂಥಲ್ಲಿಂದ ಇಷ್ಟು ಬಂದಿದೆ, ಇಷ್ಟು ಬಾಕಿ ಅಂತ ಬರೆಯಿರಿ. ಬಾಕಿ ಇರುವ ಸಣ್ಣ ಮೊತ್ತ ತುಂಬಿಕೊಡಲು ಸಂಸ್ಥೆಗಳು ಸುಲಭವಾಗಿ ಒಪ್ಪುತ್ತವೆ. ಮುಚ್ಚಿಟ್ಟದ್ದು ಗೊತ್ತಾದರೆ ಮುಂದೆ ಯಾರೂ ನಂಬುವುದಿಲ್ಲ.

ಫೋಟೊ ಮತ್ತು ರಿಪೋರ್ಟ್ ಬಗ್ಗೆ: ಮಗು ಅಳುವ, ಕಿರುಚುವ, ಅರೆಬೆತ್ತಲೆ ಇರುವ ಫೋಟೊ ವಿಡಿಯೊ ಕೊಡಬೇಡಿ. ಈ ಮಗು ನಾಳೆ ದೊಡ್ಡವನಾಗುತ್ತಾನೆ, ಅದನ್ನು ನೋಡುತ್ತಾನೆ. ಪ್ರಚಾರಕ್ಕೆ ಬಳಸುತ್ತಾರಾ ಅಂತ ಲಿಖಿತವಾಗಿ ಕೇಳಿ, ಬೇಡ ಅನ್ನುವ ಹಕ್ಕು ಇದೆ. ಜೆನೆಟಿಕ್ ರಿಪೋರ್ಟನ್ನು ಸಾಮಾಜಿಕ ಜಾಲತಾಣದಲ್ಲಿ, ದೇಣಿಗೆ ಸಂಗ್ರಹದ ಪುಟದಲ್ಲಿ ಹಾಕಲೇಬೇಡಿ. ಅದು ಒಂದು ಮಗುವಿನ ಗುಟ್ಟಲ್ಲ. ಅಕ್ಕ, ತಮ್ಮ, ಚಿಕ್ಕಮ್ಮ, ಸೋದರಮಾವ ಎಲ್ಲರ ದೇಹದ ವಿಷಯ ಅದರಲ್ಲಿದೆ.

## ಹಂತ 7: ಕಳಿಸಿದ ಮೇಲೆ

ನೋಟ್‌ಬುಕ್ ಕೆಲಸಕ್ಕೆ ಬರುವುದು ಈಗ. ಯಾವ ದಿನ ಯಾರಿಗೆ ಏನು ಕಳಿಸಿದ್ದು, ಫೋನಿನಲ್ಲಿ ಮಾತಾಡಿದವರ ಹೆಸರು, ಅವರು ಹೇಳಿದ್ದು, ಮುಂದೆ ಮಾಡಬೇಕಾದ್ದು ಬರೆದಿಡಿ. ತಲುಪಿದೆಯಾ ಅಂತ ವಾರದಲ್ಲಿ ಕೇಳಿ. ನಿರ್ಧಾರದ ದಿನ ಕೇಳಿ ತಿಳಿದುಕೊಂಡು, ಅದು ದಾಟಿದ ಮೇಲೆ ಮತ್ತೆ ಕೇಳಿ. ದಿನಾ ಫೋನ್ ಮಾಡುವುದು ಬೇಡ.

ಇಲ್ಲ ಅಂದರೆ ಎರಡು ಪ್ರಶ್ನೆ ಕೇಳಿ: ಕಾರಣ ಏನು? ಬೇರೆ ಯಾರನ್ನು ಕೇಳಬಹುದು? ದಾಖಲೆ ಸಾಲದು ಅಂದಿದ್ದರೆ ಸರಿಮಾಡಿ ಮತ್ತೆ ಹಾಕಿ. ಈ ಸಲದ ನಿಧಿ ಮುಗಿದಿದೆ ಅಂದಿದ್ದರೆ ಮುಂದಿನ ಸುತ್ತು ಯಾವಾಗ ಅಂತ ಬರೆದುಕೊಳ್ಳಿ.

ಈ ಹಂತದಲ್ಲಿ ಆರೈಕೆ ಮಾಡುವವರು ಸೋಲುತ್ತಾರೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾರ ಜೊತೆಯೂ ಮಾತು ಬೇಡ ಅನಿಸುತ್ತದೆ, ಬದುಕೇ ಬೇಡ ಅನ್ನುವ ಯೋಚನೆ ಬರುತ್ತದೆ. ಹೀಗಾದರೆ ಅರ್ಜಿಗಳನ್ನು ಪಕ್ಕಕ್ಕಿಟ್ಟು ಮೊದಲು ತಮಗೇ ಡಾಕ್ಟರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಬೇಕು, ಅದೇ ದಿನ. ಫೈಲ್ ಎಲ್ಲಿದೆ, ಔಷಧಿ ಯಾವುದು ಅಂತ ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ. ಒಬ್ಬರ ತಲೆಯಲ್ಲಿ ಮಾತ್ರ ಎಲ್ಲ ಇರುವುದು ಅಪಾಯ.

## ಹಂತ 8: ನೆರವು ಸಿಕ್ಕ ಮೇಲೆ

ಕೇಳಿದ್ದಕ್ಕೇ ಬಳಸಿ, ರಸೀದಿ ಕಳಿಸಿ. ಬೇರೆಯದಕ್ಕೆ ಬೇಕಾದರೆ ಮೊದಲು ಅನುಮತಿ ಕೇಳಿ. ಎರವಲು ಪಡೆದ ಉಪಕರಣ ಮಗುವಿಗೆ ಚಿಕ್ಕದಾದ ಕೂಡಲೇ ಹಿಂದಿರುಗಿಸಿ, ಸಾಲಿನಲ್ಲಿ ಇನ್ನೊಂದು ಮಗು ಕಾಯುತ್ತಿರುತ್ತದೆ. ಮೂರು ತಿಂಗಳ ನಂತರ ಏನು ಬದಲಾಯಿತು ಅಂತ ನಾಲ್ಕು ಸಾಲು ಬರೆಯಿರಿ. ಮುಂದಿನ ಅರ್ಜಿಗೆ ಇದೇ ದಾಖಲೆಯಾಗುತ್ತದೆ.

ಔಷಧಿಯ ನೆರವಾದರೆ ಅವಧಿ ಎಷ್ಟು ಅಂತ ಮೊದಲ ದಿನವೇ ಕೇಳಿ, ಮುಗಿಯುವ ಮೂರು ತಿಂಗಳ ಮೊದಲೇ ನವೀಕರಣಕ್ಕೆ ಹೊರಡಿ. ಫಿಟ್ಸ್ ಔಷಧಿ, ಸ್ಟೀರಾಯ್ಡ್, ಇನ್ಸುಲಿನ್ ಇವು ಮಧ್ಯೆ ನಿಂತರೆ ಪ್ರಾಣಕ್ಕೇ ಅಪಾಯ.

ಮಕ್ಕಳ ಸಂಸ್ಥೆಗಳಲ್ಲಿ ಬಹಳಷ್ಟು 18 ವರ್ಷ ತುಂಬಿದ ದಿನ ನೆರವು ನಿಲ್ಲಿಸುತ್ತವೆ. ಮಕ್ಕಳ ಡಾಕ್ಟರು, ಮಕ್ಕಳ ಆಸ್ಪತ್ರೆ ಕೂಡ ಅದೇ ಹೊತ್ತಿಗೆ ಬದಲಾಗುತ್ತಾರೆ. ಮಗು 16ಕ್ಕೆ ಬಂದಾಗಲೇ ದೊಡ್ಡವರಿಗಾಗಿ ಇರುವ ಸಂಸ್ಥೆಗಳನ್ನು ಹುಡುಕಿ, ಸಾರಾಂಶದ ಪುಟವನ್ನು ಹೊಸದಾಗಿ ಬರೆಯಿರಿ. ಮಗನೋ ಮಗಳೋ ತನಗೆ ಏನು ಬೇಕು ಅಂತ ಹೇಳಬಲ್ಲವರಾದರೆ, ಮಾತಿನಲ್ಲಾಗಲಿ, ಟೈಪ್ ಮಾಡಿಯಾಗಲಿ, ಚಿತ್ರ ತೋರಿಸಿಯಾಗಲಿ, ಈ ಸಲದ ಕೋರಿಕೆಯ ಸಾಲನ್ನು ಅವರಿಂದಲೇ ಬರೆಸಿ.